‘ಕೊರಗಿ ಕೊರಗಿ ಹೋದ’ ಅನ್ನುವ ಮೊದಲು ಗುಳಿಗೆ ಎಣಿಸಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ರಾಗ ಹಾಡುತ್ತವೆ. ಬಿಪಿ ಯಾಕೆ ಬಂತು? ಟೆನ್ಷನ್. ಶುಗರ್ ಯಾಕೆ ಏರಿತು? ಟೆನ್ಷನ್. ನಾನು ರೋಗಿಗಳನ್ನು ನೋಡುವ ಓಪಿಡಿಯಲ್ಲೂ ಅದೇ ಮಾತು: “ಎದಿ ಧಡಧಡ ಅನ್ಲತದ್ರೀ ಸರ್, ಏನಿಲ್ಲ, ಟೆನ್ಷನ್ ಇರಬೇಕು.” ಏನಿಲ್ಲ ಅನ್ನುವುದನ್ನು ಅವರೇ ತೀರ್ಮಾನಿಸಿ ಬಂದಿರುತ್ತಾರೆ. ಇನ್ನೊಂದು ಪಂಗಡ ಇದಕ್ಕೆ ತದ್ವಿರುದ್ಧ. ಮನಸ್ಸು ಗಟ್ಟಿ ಇದ್ದವನಿಗೆ ಯಾವ ರೋಗವೂ ತಟ್ಟುವುದಿಲ್ಲ, ರೋಗ ಬಂತೆಂದರೆ ಮನಸ್ಸೇ ಸಡಿಲ ಎಂದು ಭಾಷಣ ಮಾಡುವವರು. ಇವರಿಬ್ಬರ ನಡುವೆ ಸಿಕ್ಕ ರೋಗಿಯನ್ನು ಬಿಡಿಸುವುದರಲ್ಲೇ ನನ್ನ ಬೆಳಗು ಕಳೆಯುತ್ತದೆ. ಬಿಪಿ ಎಂದರೆ ರಕ್ತದೊತ್ತಡ, ಸ್ಟೆಂಟ್ ಎಂದರೆ ಹೃದಯದ ಕಟ್ಟಿದ ರಕ್ತನಾಳ ತೆರೆದಿರಲೆಂದು ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆ; ಇದಕ್ಕಿಂತ ಹೆಚ್ಚು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಸಲ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ 62 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೇವೆ. ಐದು ತಿಂಗಳ ಹಿಂದೆ ಅವ್ವ ತೀರಿಕೊಂಡಳು. ಅಂದಿನಿಂದ ಅಪ್ಪ ಮಾತು ಕಡಿಮೆ ಮಾಡಿದ್ದಾರೆ, ಊಟ ಸೇರುತ್ತಿಲ್ಲ, ನಸುಕಿನ ಮೂರಕ್ಕೇ ಎದ್ದು ಕೂರುತ್ತಾರೆ. ಈ ಸಲ ತೊಗರಿಯೂ ನೆಟೆ ರೋಗಕ್ಕೆ ಹೋಯಿತು. ‘ಹೇಣ್ತಿ ಹಿಂದೇ ಹೋಗ್ತಾನ, ಕೊರಗು ಬಿಡೂದಿಲ್ಲ’ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ. ಕಾಕಾ ದಿನಾ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನುತ್ತಾರೆ. ಕೊರಗಿನಿಂದ ನಿಜವಾಗಿ ಆಯುಷ್ಯ ಕಡಿಮೆಯಾಗುತ್ತದೆಯೇ? ಅಪ್ಪನನ್ನು ಪುಣೆಗೆ ಕರೆತರಲೇ?

ಕಡಿಮೆಯಾಗಬಹುದು. ಊರವರ ಮಾತು ಪೂರ್ತಿ ಸುಳ್ಳಲ್ಲ. ಅದನ್ನು ಹಣೆಬರಹದಂತೆ ಹೇಳಿ ಕೈತೊಳೆದುಕೊಳ್ಳುತ್ತಾರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಬ್ರಿಟನ್ನಿನ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಜೊತೆಗಾರರು ಹೆಂಡತಿಯನ್ನು ಕಳೆದುಕೊಂಡ, 55 ದಾಟಿದ 4,486 ಗಂಡಸರ ಲೆಕ್ಕವನ್ನು 1969ರಲ್ಲಿ ಪ್ರಕಟಿಸಿದರು. ಮೊದಲ ಆರು ತಿಂಗಳಲ್ಲಿ ಅವರಲ್ಲಿ 213 ಮಂದಿ ಸತ್ತಿದ್ದರು. ಅದೇ ವಯಸ್ಸಿನ, ಹೆಂಡತಿ ಬದುಕಿರುವ ಗಂಡಸರಿಗೆ ಹೋಲಿಸಿದರೆ ಇದು ಶೇ 40ರಷ್ಟು ಹೆಚ್ಚು. ಹೆಚ್ಚಿದ ಸಾವುಗಳಲ್ಲಿ ದೊಡ್ಡ ಪಾಲು ಹೃದಯದ ಕಾಯಿಲೆಯದು. ಆಮೇಲೆ ಅಂಕಿ ಇಳಿಯುತ್ತಾ ಉಳಿದವರ ಮಟ್ಟಕ್ಕೆ ಬಂತು. ಇದೇ ಲೆಕ್ಕವನ್ನು ತಿರುಗಿಸಿಯೂ ಓದಬಹುದು: 4,273 ಮಂದಿ ಆ ಆರು ತಿಂಗಳು ದಾಟಿದರು. ನಿಮ್ಮ ತಂದೆ ಈಗ ಐದನೆಯ ತಿಂಗಳಲ್ಲಿದ್ದಾರೆ. ಆದ್ದರಿಂದ ಅವಸರ ಇರಲಿ, ಗಾಬರಿ ಬೇಡ.

ದುಃಖ ಎದೆಗೆ ತಲುಪಲು ಎರಡು ದಾರಿಗಳಿವೆ. ಒಂದು ನೇರ ದಾರಿ. ದೊಡ್ಡ ಆಘಾತವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ, ನಾಡಿ ಓಡುತ್ತದೆ, ಬಿಪಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಕೆಲವರಲ್ಲಿ, ಅದೂ ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ, ಹೃದಯದ ಕೆಳತುದಿ ಉಬ್ಬಿ ಬಡಿತವನ್ನೇ ಮರೆತಂತೆ ನಿಲ್ಲುತ್ತದೆ. 1990ರ ಹೊತ್ತಿಗೆ ಜಪಾನಿನ ವೈದ್ಯರು ಇದನ್ನು ಗುರುತಿಸಿ ಟಾಕೋತ್ಸುಬೊ ಎಂದು ಹೆಸರಿಟ್ಟರು. ಇಸಿಜಿ ನೋಡಿದರೆ ಅಟ್ಯಾಕ್ ಇದ್ದ ಹಾಗೇ ಇರುತ್ತದೆ, ಆಂಜಿಯೋಗ್ರಾಂ ಮಾಡಿದರೆ ರಕ್ತನಾಳದಲ್ಲಿ ತಡೆ ಸಿಗುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಕೂತು ಇದು ದುಃಖದ ನೋವು, ಇದು ಗ್ಯಾಸು, ಇದು ಅಟ್ಯಾಕು ಎಂದು ವಿಂಗಡಿಸಲು ಯಾರಿಂದಲೂ ಆಗದು. ಸೋಡಾ ಕುಡಿಸಿ ಬೆಳಗಿನತನಕ ಕಾಯಬೇಡಿ.

ಎರಡನೆಯದು ಸುತ್ತುದಾರಿ. ನಾನು ನೋಡಿದ ಮಟ್ಟಿಗೆ ಹೆಚ್ಚು ಜನರನ್ನು ಒಯ್ಯುವುದು ಇದೇ. ನಮ್ಮ ಕಡೆಯ ಗಂಡಸರಲ್ಲಿ ತಾವು ನುಂಗುವ ಗುಳಿಗೆಯ ಹೆಸರು ಗೊತ್ತಿರುವವರು ಎಷ್ಟು ಮಂದಿ? ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಹೆಂಡತಿ ಎರಡು ಗುಳಿಗೆ, ಒಂದು ತಂಬಿಗೆ ನೀರು ತಂದು ಮುಂದಿಡುತ್ತಾಳೆ. ಯಾವುದು ಮುಂಜಾನೆಯದು, ಯಾವುದು ರಾತ್ರಿಯದು, ಯಾವುದು ಮುಗಿಯುತ್ತ ಬಂತು ಎನ್ನುವುದೆಲ್ಲ ಅವಳ ತಲೆಯಲ್ಲಿರುತ್ತದೆ. ಅವಳು ಹೋದ ದಿನ ಆ ಲೆಕ್ಕವೂ ಹೋಯಿತು. ಪಲ್ಯಕ್ಕೆ ಉಪ್ಪು ಕಡಿಮೆ ಹಾಕುತ್ತಿದ್ದವಳೂ ಅವಳೇ, ಬೀಡಿ ಸೇದಿದರೆ ಬೈಯುತ್ತಿದ್ದವಳೂ ಅವಳೇ.

ಇಂಥವರು ಬಂದಾಗ ಮನಸ್ಸಿನ ಸುದ್ದಿ ಆಮೇಲೆ ಎಂದು ಮೊದಲು ಗುಳಿಗೆಯ ಚೀಲ ಕೇಳುತ್ತೇನೆ. ಮೆಡಿಕಲ್ ಅಂಗಡಿಯ ಆ ತೆಳು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದರೆ ಸಾಕು, ಕತೆ ಅದೇ ಹೇಳುತ್ತದೆ. ಬಿಲ್ಲು ಎರಡು ತಿಂಗಳ ಹಿಂದಿನದು. ಕೊಲೆಸ್ಟ್ರಾಲ್ ಗುಳಿಗೆಯ ಪಟ್ಟಿ (ಸ್ಟ್ರಿಪ್) ಮುಟ್ಟಿಯೇ ಇಲ್ಲ. ರಕ್ತ ತೆಳುಮಾಡುವುದರಲ್ಲಿ ನಾಲ್ಕು ಖಾಲಿ, ಹನ್ನೊಂದು ಹಾಗೇ. ಪೂರ್ತಿ ಮುಗಿದಿರುವುದು ಗ್ಯಾಸಿನ ಗುಳಿಗೆ ಒಂದೇ. ಸ್ಟೆಂಟ್ ಹಾಕಿಸಿದವರು ರಕ್ತ ತೆಳುಮಾಡುವ ಗುಳಿಗೆಗಳನ್ನು ತಾವಾಗಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಇನ್ನೊಂದು ಅಟ್ಯಾಕ್ ಆಗಬಹುದು. ಹಾಗೆ ಹೋದವರನ್ನೂ ಊರು ‘ಕೊರಗಿ ಕೊರಗಿ ಹೋದ’ ಎಂದೇ ಲೆಕ್ಕ ಹಾಕುತ್ತದೆ.

ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ. “ಗುಳಗಿ ತಗೊಂಡ್ರೇನಪಾ?” ಅಂದರೆ “ಹೂಂ, ತಗೊಂಡೀನಿ” ಅನ್ನುತ್ತಾರೆ, ಅಷ್ಟೆ. ದಿನಾ ಉಪದೇಶ ಮಾಡುವ ಕಾಕಾ ಅವರಿಗೆ ಒಂದು ಕೆಲಸ ಕೊಡಿ. ಪ್ರತಿ ಐತವಾರ ಎಲ್ಲ ಪಟ್ಟಿಗಳನ್ನು ಸಾಲಾಗಿಟ್ಟು ಫೋಟೋ ತೆಗೆದು ನಿಮಗೆ ವಾಟ್ಸಾಪ್ ಮಾಡಲಿ. ಎಣಿಸುವುದು ನಿಮ್ಮ ಕೆಲಸ.

ಇನ್ನು ಮನಸ್ಸಿನ ವಿಷಯ. ಹೆಂಡತಿ ಹೋದ ಐದು ತಿಂಗಳಿಗೆ ದುಃಖ ಇರುವುದು ರೋಗವಲ್ಲ. ಆದರೆ ನೀವು ಬರೆದಿರುವ ನಸುಕಿನ ಎಚ್ಚರ, ಊಟ ಸೇರದಿರುವುದು, ಮಾತೇ ಬೇಡವಾಗಿರುವುದು ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಇದ್ದರೆ ಅದನ್ನು ಖಿನ್ನತೆ ಎಂದೇ ನೋಡಬೇಕು. ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತೀವ್ರ ಖಿನ್ನತೆ ಬರುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ತಂಡ ಅಟ್ಯಾಕ್ ಆದ 222 ರೋಗಿಗಳನ್ನು ಗಮನಿಸಿ 1993ರಲ್ಲಿ ವರದಿ ಕೊಟ್ಟಿತು. ಖಿನ್ನತೆ ಇದ್ದವರಲ್ಲಿ ಆರು ತಿಂಗಳೊಳಗೆ ಸಾಯುವ ಸಂಭವ ಸ್ಪಷ್ಟವಾಗಿ ಹೆಚ್ಚಿತ್ತು.

ಹಾಗಾದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಆಯುಷ್ಯ ಮರಳಿ ಬರುತ್ತದೆಯೇ? ಇಲ್ಲಿ ನಿಮಗೆ ಸಿಹಿಮಾತು ಹೇಳಲಾರೆ. ಅಮೆರಿಕದಲ್ಲಿ ಅಟ್ಯಾಕ್ ಆದ 2,481 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಆಪ್ತಸಮಾಲೋಚನೆ ಸಿಕ್ಕವರ ಮನಸ್ಸು ಹಗುರಾಯಿತು, ಆದರೆ ಸಾವಿನ ಸಂಖ್ಯೆ ಇಳಿಯಲಿಲ್ಲ. ಇದನ್ನೇ ಹಿಡಿದು ಖಿನ್ನತೆಯ ಗುಳಿಗೆಗೂ ‘ಮತ್ತ್ಯಾಕ ಆ ಗುಳಗಿ’ ಎನ್ನುವ ವೈದ್ಯರೂ ಇದ್ದಾರೆ. ಹಲ್ಲುನೋವಿಗೆ ಔಷಧ ಕೊಡುವಾಗ ಆಯುಷ್ಯ ಎಷ್ಟು ಬೆಳೆಯಿತು ಎಂದು ಯಾರಾದರೂ ಕೇಳುತ್ತಾರೆಯೇ? ನರಳುತ್ತಿರುವ ಮನುಷ್ಯ ರಾತ್ರಿ ನಿದ್ದೆ ಮಾಡುವಂತಾದರೆ ಅದೇ ಒಂದು ಫಲ. ಸರಿಯಾಗಿ ಉಣ್ಣುವವನು, ಮಲಗುವವನು ಎದೆಯ ಗುಳಿಗೆಯನ್ನೂ ಹೊತ್ತಿಗೆ ಸರಿಯಾಗಿ ನುಂಗಿಯಾನು ಎಂಬುದು ನನ್ನ ಆಸೆ.

ಮನೋವೈದ್ಯರ ಬಳಿ ಹೋಗುವಾಗ ಸ್ಟೆಂಟಿನ ಕಾಗದ, ಈಗಿನ ಎಲ್ಲ ಗುಳಿಗೆ ಒಯ್ಯಿರಿ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್‌ನಂಥ ಔಷಧಗಳನ್ನು ಹೃದ್ರೋಗಿಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಹಳೆಯ ಕಾಲದ ಕೆಲವು ಖಿನ್ನತೆಯ ಗುಳಿಗೆಗಳು ಮಾತ್ರ ಹೃದಯದ ಬಡಿತ ಕೆಡಿಸುತ್ತವೆ. ರಕ್ತ ತೆಳುಮಾಡುವುದರ ಜೊತೆ ಸೇರಿದಾಗ ರಕ್ತಸ್ರಾವದ ಮೇಲೂ ಕಣ್ಣಿಡಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಮೂರೇ ದಿನಕ್ಕೆ ‘ಫರಕ್ ಬಿದ್ದಿಲ್ಲ’ ಎಂದು ಬಿಡಬಾರದು. ಇವು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ನಿದ್ದೆಯ ಗುಳಿಗೆ ಎಂದು ಕೆಲವು ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೊಡುವ ಆಲ್ಪ್ರಜೋಲಾಂ. ಚೀಟಿಯಿಲ್ಲದೆ ಅದನ್ನು ಮಾರುವುದೇ ಅಪರಾಧ.

‘ಮನಸ್ಸು ಗಟ್ಟಿ ಮಾಡ್ಕೋ’ ಎನ್ನುವ ಮಾತನ್ನು ದಯವಿಟ್ಟು ನಿಲ್ಲಿಸಿ. ಅದು ರೋಗಿಯನ್ನು ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಮರುದಿನದಿಂದ ಆತ ತನ್ನ ಕಷ್ಟ ಹೇಳುವುದನ್ನೇ ಬಿಡುತ್ತಾನೆ. ಅದರ ಬದಲು ನೇರವಾಗಿ ಕೇಳಿ: “ಅಪ್ಪಾ, ಜೀವ ಬ್ಯಾಡ ಅನ್ನಸ್ತದೇನು?” ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಬೆಳೆ ಹೋಗಿದೆ, ಹೆಂಡತಿ ಇಲ್ಲ, ರಾತ್ರಿ ನಿದ್ದೆ ಇಲ್ಲ. ಇಂಥ ಮನೆಯಲ್ಲಿ ತೊಗರಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಡಬ್ಬಿ ಇರಕೂಡದು. ಇಂದೇ ಕಾಕಾ ಅವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ; 14416 ಅದರ ಉಚಿತ ಸಂಖ್ಯೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಅಪ್ಪ ಮಾಡದಿದ್ದರೆ ನೀವೇ ಮಾಡಿ ಕೇಳಬಹುದು.

ಯಾವ ಗುಳಿಗೆಯೂ ಸಾಲ ತೀರಿಸುವುದಿಲ್ಲ. ಬೆಳೆವಿಮೆಯ ಅರ್ಜಿ, ಬ್ಯಾಂಕಿನ ನೋಟಿಸು ಏನಿದೆ ಎಂದು ನೋಡಿ, ಆ ಓಡಾಟವನ್ನು ನೀವು ಹೊತ್ತುಕೊಳ್ಳಿ.

ಪುಣೆಗೆ? ಈಗಲೇ ಬೇಡ. ಊರಲ್ಲಿ ಕಟ್ಟೆ ಇದೆ, ಹೆಸರು ಹಿಡಿದು ಕರೆಯುವವರಿದ್ದಾರೆ. ಪುಣೆಯಲ್ಲಿ ನೀವು ಒಂಬತ್ತಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುತ್ತೀರಿ, ಅಷ್ಟು ಹೊತ್ತು ಅವರಿಗೆ ಟಿವಿಯೇ ಗತಿ. 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಅವರ 2010ರ ವರದಿ ನನ್ನ ಮಾತಿಗೆ ಆಧಾರ. ಒಡನಾಟ ಗಟ್ಟಿ ಇದ್ದವರು ಬದುಕುಳಿಯುವ ಸಂಭವ ಶೇ 50ರಷ್ಟು ಹೆಚ್ಚಿತ್ತು. ಸಾಧ್ಯವಾದರೆ ನೀವೇ ಒಂದು ತಿಂಗಳು ಬಂದು ಇರಿ. ಕಲಬುರಗಿಯ ಶರಣಬಸಪ್ಪನ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಜೊತೆಗೆ ಕರೆದುಕೊಂಡು ಹೋಗಿ, ನನ್ನದೇನೂ ತಕರಾರಿಲ್ಲ, ಗುಳಿಗೆ ನುಂಗಿ ಹೊರಡಬೇಕು ಅಷ್ಟೆ. ಸಾಯುವ ಮಾತು ಅವರ ಬಾಯಲ್ಲಿ ಬಂತೆಂದರೆ, ಅಥವಾ ಊರಲ್ಲಿ ಅವರ ಜೊತೆ ಕೂತು ಉಣ್ಣುವವರು ಯಾರೂ ಇಲ್ಲವೆಂದರೆ ಮಾತ್ರ ನನ್ನ ಸಲಹೆ ಬದಿಗಿಟ್ಟು ಅಂದೇ ಕರೆದೊಯ್ಯಿರಿ.

ಪ್ರಶ್ನೆ: ಧ್ಯಾನ ಶುರು ಮಾಡಿದ್ದೇನೆ, ಮನಸ್ಸು ಶಾಂತವಾಗಿದೆ. ಬಿಪಿ ಗುಳಿಗೆ ಬಿಡಬಹುದೇ?

ಬೇಡ. ಧ್ಯಾನ ಒಳ್ಳೆಯದು, ಬಿಪಿಯನ್ನು ಕೊಂಚ ಇಳಿಸುತ್ತದೆ ಕೂಡ. ಗುಳಿಗೆ ಕಡಿಮೆ ಮಾಡುವುದನ್ನು ತೀರ್ಮಾನಿಸಬೇಕಾದದ್ದು ಬಿಪಿ ಯಂತ್ರ ಮತ್ತು ನಿಮ್ಮ ವೈದ್ಯರು, ನಿಮ್ಮ ಶಾಂತಿ ಅಲ್ಲ.

ಪ್ರಶ್ನೆ: ಟೆನ್ಷನ್‌ನಿಂದ ಹೊಟ್ಟೆಯಲ್ಲಿ ಅಲ್ಸರ್ ಆಗಿದೆ. ಟೆನ್ಷನ್‌ಗೆ ಔಷಧ ತಿಳಿಸಿ.

ಹೆಚ್ಚಿನ ಅಲ್ಸರ್‌ಗಳಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ಸೊಂಟನೋವಿಗೆಂದು ನುಂಗುವ ನೋವಿನ ಗುಳಿಗೆ. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂದು ಹಳೆಯ ಮಾತಾಯಿತು. ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೀಡಿ ಬಿಟ್ಟರೆ ಟೆನ್ಷನ್ ಹೆಚ್ಚಾಗುತ್ತದೆ. ಟೆನ್ಷನ್ ಹೃದಯಕ್ಕೆ ಕೆಟ್ಟದ್ದಲ್ಲವೇ?

ಜಾಣ ಪ್ರಶ್ನೆ, ಆದರೆ ನಡೆಯುವುದಿಲ್ಲ. 52 ದೇಶಗಳ ಸುಮಾರು 30 ಸಾವಿರ ಜನರನ್ನು ನೋಡಿದ 2004ರ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಅಟ್ಯಾಕ್‌ನ ಒಂಬತ್ತು ಮುಖ್ಯ ಅಂಶಗಳಲ್ಲಿ ಮಾನಸಿಕ ಒತ್ತಡವೂ ಇತ್ತು, ನಿಜ. ಆದರೆ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ರಕ್ತದ ಕೊಬ್ಬು ಮತ್ತು ತಂಬಾಕು. ನೀವು ಟೆನ್ಷನ್ ಎನ್ನುವುದು ನಿಕೋಟಿನ್ ಬೇಡುವ ಚಡಪಡಿಕೆ, ಕೆಲವು ವಾರಗಳಲ್ಲಿ ಅಡಗುತ್ತದೆ.

ಪ್ರಶ್ನೆ: ಟೆನ್ಷನ್ ದೊಡ್ಡ ಅಧಿಕಾರಿಗಳ ರೋಗ, ಕೂಲಿ ಮಾಡುವವರಿಗೆ ಎಲ್ಲಿಯ ಟೆನ್ಷನ್?

ಇದನ್ನು ಬರೆದವರು ಕೂಲಿ ಮಾಡಿದವರಲ್ಲ ಎಂದು ಕಾಣುತ್ತದೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಹೃದ್ರೋಗದಿಂದ ಸಾಯುವ ಸಂಭವ ಮೇಲಧಿಕಾರಿಗಳಿಗಿಂತ ಕೆಳದರ್ಜೆಯ ನೌಕರರಲ್ಲಿ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರ ಪೂರ್ತಿ ಹೋಗಲಿಲ್ಲ. ಕೆಲಸ ಒತ್ತಿ ಬಂದು, ಅದರ ಮೇಲೆ ತನ್ನ ಹಿಡಿತ ಮಾತ್ರ ಇಲ್ಲ ಎಂಬ ಸ್ಥಿತಿ ಮನುಷ್ಯನನ್ನು ಹೆಚ್ಚು ತಿನ್ನುತ್ತದೆ.

ಪ್ರಶ್ನೆ: ಸದಾ ನಗುತ್ತಿದ್ದರೆ ಆಯುಷ್ಯ ಹೆಚ್ಚುತ್ತದಂತೆ?

ನಗಿ, ಬೇಡ ಅನ್ನುವವರು ಯಾರು. ಆದರೆ ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ 2015ರ ವರದಿಯಲ್ಲಿ, ಮೊದಲೇ ಇದ್ದ ಕಾಯಿಲೆ ಮತ್ತು ಸಿಗರೇಟಿನಂಥ ಚಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಸಂತೋಷವೊಂದರಿಂದಲೇ ಸಾವು ಮುಂದೆ ಹೋದದ್ದು ಕಾಣಲಿಲ್ಲ. ಕಾಯಿಲೆಯವರು ದುಃಖದಲ್ಲಿರುತ್ತಾರೆ, ಅದನ್ನು ನಾವು ತಲೆಕೆಳಗು ಓದುತ್ತೇವೆ.

ಪ್ರಶ್ನೆ: ಸಿಟ್ಟು ನುಂಗಿಕೊಂಡು ಬಾಳಿದ್ದಕ್ಕೇ ಅತ್ತಿಗೆಗೆ ಕ್ಯಾನ್ಸರ್ ಬಂತು ಎನ್ನುತ್ತಾರೆ.

ಅಲ್ಲ. ಆ ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ.

ಪ್ರಶ್ನೆ: ಸಿಟಿಯ ಹೋಟೆಲ್ಲಿನಲ್ಲಿ ನಡೆದ ‘ಮೈಂಡ್ ಪವರ್’ ಶಿಬಿರದಲ್ಲಿ, ಮನಸ್ಸಿನ ಕಂಪನದಿಂದ ಶುಗರ್ ಹೋಗುತ್ತದೆ, ಗುಳಿಗೆ ವಿಷ ಎಂದರು. ಹಣ ಕಟ್ಟಿದ್ದೇನೆ. ಏನು ಮಾಡಲಿ? ನಾನು ನುಂಗುವುದು ಒಂದು ಬಿಳಿ ಗುಳಿಗೆ, ಒಂದು ಹಳದಿ ಗುಳಿಗೆ.

ರಸೀದಿ ಕೊಟ್ಟಿದ್ದರೆ ಹಣ ವಾಪಸು ಕೇಳಿ. ಗುಳಿಗೆ ಬಿಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಶುಗರ್ ಪರೀಕ್ಷೆ ಮಾಡಿಸಿ ನಿಮ್ಮ ವೈದ್ಯರನ್ನು ಕಾಣಿ. ಮುಂದಿನ ಸಲ ಬರೆಯುವಾಗ ಗುಳಿಗೆಯ ಪಟ್ಟಿಯ ಮೇಲಿರುವ ಹೆಸರು ನೋಡಿ ಬರೆಯಿರಿ. ಬಿಳಿ ಗುಳಿಗೆ, ಹಳದಿ ಗುಳಿಗೆ ಅಂದರೆ ನನಗೇನೂ ತಿಳಿಯುವುದಿಲ್ಲ.