ಟವರಿನ ಅಲೆಯಿಂದ ಸೆನ್ಸರ್ ನಡೆಯುತ್ತದೆಯೇ? ಕುರುಗೋಡಿನ ಅಣ್ಣನವರಿಗೆ ಉತ್ತರ

ಅಣ್ಣನವರೇ, ಮುಂಗಡ ಕೊಡಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ವಿವರ ಆಮೇಲೆ.

ಮೆಣಸಿನಕಾಯಿ ಹೊಲದ ತೇವಾಂಶ ಸೆನ್ಸರಿಗೆ ಹಾಕಿದ್ದ ಸೋಲಾರ್ ಫಲಕ ಕಳುವಾಗಿದೆ, ಅರ್ಧ ಕಿಲೋಮೀಟರ್ ದೂರದಲ್ಲಿ ಮೊಬೈಲ್ ಟವರ್ ಇದೆ, ಅದರ ಅಲೆಯಿಂದಲೇ ಕರೆಂಟ್ ತೆಗೆಯುವ ‘ಕ್ವಾಂಟಮ್ ಹಾಳೆ’ ಕೊಡುತ್ತೇವೆಂದು ಒಬ್ಬರು ಹಣ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಅವರು ಹೇಳುವ ವಿಜ್ಞಾನ ಸುಳ್ಳಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಟವರಿನ ಅಲೆ ಸೆಕೆಂಡಿಗೆ 90 ಕೋಟಿ ಸಲ, ಕೆಲವು ಅದಕ್ಕಿಂತಲೂ ಹೆಚ್ಚು ಸಲ, ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಸೆನ್ಸರಿಗೆ ಬೇಕಾದದ್ದು ಒಂದೇ ದಿಕ್ಕಿನ ಹರಿವು. ಆ ಕೆಲಸ ಡಯೋಡಿನದು. ಸಿಂಧನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ನನಗೆ ಅದು ಬಾವಿಯೊಳಗಿನ ಫುಟ್‌ವಾಲ್ವ್‌ನಂತೆ ಕಾಣುತ್ತದೆ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಆದರೆ ಮುಚ್ಚಳ ಏಳಬೇಕಾದರೆ ಒಂದಿಷ್ಟು ಒತ್ತಡ ಬೇಕು. ಅಲೆ ತೀರಾ ದುರ್ಬಲವಾದಾಗ, ಅಂದರೆ ಸುಮಾರು 10 ಮೈಕ್ರೋವ್ಯಾಟ್‌ಗಿಂತ ಕಡಿಮೆಯಾದಾಗ (ಮೈಕ್ರೋವ್ಯಾಟ್ ಎಂದರೆ ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು), ಕಡಿಮೆ ಒತ್ತಡಕ್ಕೇ ತೆರೆಯುವ ಈಗಿನ ಶಾಟ್ಕಿ ಎಂಬ ಬಗೆಯ ಡಯೋಡುಗಳಿಂದಲೂ ಸಿಗುವುದು ಅತ್ಯಲ್ಪ.

ಕ್ವಾಂಟಮ್ ವಸ್ತುಗಳ, ಅಂದರೆ ಎಲೆಕ್ಟ್ರಾನುಗಳ ಕ್ವಾಂಟಮ್ ನಡವಳಿಕೆ ಎದ್ದು ಕಾಣುವ ವಸ್ತುಗಳ, ಸೊಗಸು ಇರುವುದು ಇಲ್ಲಿಯೇ. ಟ್ಯಾಂಟಲಮ್, ಇರಿಡಿಯಮ್, ಟೆಲ್ಯುರಿಯಮ್ ಎಂಬ ಮೂಲಧಾತುಗಳು ಸೇರಿದ ಒಂದು ಹರಳಿನಲ್ಲಿ ಪರಮಾಣುಗಳ ಜೋಡಣೆಯೇ ಒಂದು ಕಡೆಗೆ ವಾಲಿದೆ. ಹೀಗಾಗಿ ಎಲೆಕ್ಟ್ರಾನುಗಳು ಎತ್ತ ತೂಗಿದರೂ ಅಡ್ಡಕ್ಕೆ ಒಂದೇ ದಿಕ್ಕಿಗೆ ಸರಿಯುತ್ತವೆ. ಎತ್ತಬೇಕಾದ ಮುಚ್ಚಳವೇ ಇಲ್ಲ! ಕೋಣೆಯ ಉಷ್ಣತೆಯಲ್ಲೇ ಇದು ರೇಡಿಯೊ ಅಲೆಯನ್ನು ನೇರ ವಿದ್ಯುತ್ತಾಗಿಸುವುದನ್ನು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದರು. 2024ರಲ್ಲಿ ಅದೇ ವಿಶ್ವವಿದ್ಯಾಲಯದವರು ಜಪಾನ್, ಇಟಲಿಯ ಸಂಶೋಧಕರೊಡನೆ ಕೂಡಿ, ಎಲೆಕ್ಟ್ರಾನಿನ ಸ್ಪಿನ್ (ಅದರ ಪುಟ್ಟ ಅಯಸ್ಕಾಂತದಂತಹ ಗುಣ) ಬಳಸುವ 10 ಪುಟ್ಟ ಸಾಧನಗಳನ್ನು ಸಾಲಾಗಿ ಜೋಡಿಸಿ, ಬರೀ 2 ಮೈಕ್ರೋವ್ಯಾಟ್ ಅಲೆಯಿಂದ ಉಷ್ಣತಾ ಸೆನ್ಸರ್ ನಡೆಸಿದರು. ಅದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಈಗ ನಿಮ್ಮ ಹೊಲಕ್ಕೆ ಬರೋಣ. ಟವರಿನ ಮುಖ ನೇರ ನಿಮ್ಮ ಕಡೆಗೇ ಇದೆ, ಆ ದಿಕ್ಕಿಗೆ ಅದರ ಬಲ 1000 ವ್ಯಾಟ್‌ಗೆ ಸಮ ಎಂದು ಧಾರಾಳವಾಗಿಯೇ ಹಿಡಿಯಿರಿ. 500 ಮೀಟರ್ ದಾಟುವ ಹೊತ್ತಿಗೆ ಅದು ಹರಡಿ ಚದರ ಸೆಂಟಿಮೀಟರಿಗೆ ಸುಮಾರು 0.03 ಮೈಕ್ರೋವ್ಯಾಟ್ ಆಗುತ್ತದೆ. ಅಂಗೈಯಗಲದ ಹಾಳೆಯ ಮೇಲೆ ಬೀಳುವುದು 3 ಮೈಕ್ರೋವ್ಯಾಟ್. ಸೋರಿಕೆ ಕಳೆದು 1 ಮೈಕ್ರೋವ್ಯಾಟ್ ಉಳಿದರೆ ದೊಡ್ಡದು. ಗಂಟೆಗೊಮ್ಮೆ ಮಾತ್ರ ಎದ್ದು ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ರೇಡಿಯೊ) ಮೂಲಕ ಮಾಹಿತಿ ಕಳಿಸುವ ಪೆಟ್ಟಿಗೆಗೂ ಸರಾಸರಿ 40 ಮೈಕ್ರೋವ್ಯಾಟ್ ಬೇಕು. ಅಷ್ಟೇ ಅಗಲದ ಸೋಲಾರ್ ಫಲಕ ನಮ್ಮ ಮಧ್ಯಾಹ್ನದ ಬಿಸಿಲಿಗೆ 1 ವ್ಯಾಟ್ ಕೊಡುತ್ತದೆ, ಹತ್ತು ಲಕ್ಷ ಪಟ್ಟು ಹೆಚ್ಚು. ಹೊಸ ವಸ್ತು ಫುಟ್‌ವಾಲ್ವ್ ಅನ್ನು ಸುಧಾರಿಸುತ್ತದೆಯೇ ಹೊರತು ಬಾವಿಗೆ ನೀರು ತರುವುದಿಲ್ಲ.

ಇದನ್ನು ನಾನೇ ಕೈಯಾರೆ ಮಾಡಿ ನೋಡಿದ್ದೇನೆ. ಎರಡು ತುಂಡು ತಾಮ್ರದ ತಂತಿ, ನಡುವೆ ಶಾಟ್ಕಿ ಡಯೋಡ್, ಅದಕ್ಕೊಂದು ಕೆಂಪು ಎಲ್‌ಇಡಿ. ಹಳೆಯ 2ಜಿ ಫೋನಿನಿಂದ ಕರೆ ಹಚ್ಚಿ ತಂತಿಗೆ ತಾಗಿಸಿ ಹಿಡಿದಾಗ ದೀಪ ಮಿಣಮಿಣ ಎಂದಿತು. ಒಂದು ಗೇಣು ದೂರ ಸರಿಸಿದೆ, ಆರಿತು. ಮಾರುವವರು ನಿಮಗೆ ಪ್ರಾತ್ಯಕ್ಷಿಕೆ ತೋರಿಸಿದರೆ, ಫೋನನ್ನಾಗಲಿ ವೈಫೈ ಪೆಟ್ಟಿಗೆಯನ್ನಾಗಲಿ ಹತ್ತಿರ ಇಟ್ಟಿದ್ದಾರೆಯೇ ನೋಡಿ. ನಿಮ್ಮ ಹೊಲದ ಬದುವಿನ ಮೇಲೆ, ನಿಮ್ಮ ಪೆಟ್ಟಿಗೆಗೇ ಜೋಡಿಸಿ, ಒಂದು ವಾರ ನಡೆಸಿ ತೋರಿಸಲು ಹೇಳಿ.

ಫಲಕ ಮತ್ತೆ ಕಳುವಾಗುವ ಭಯವಿದ್ದರೆ ಫಲಕವೇ ಬೇಡ. ನೀರಿನ ಮೀಟರುಗಳಲ್ಲಿ ಬಳಸುವ 3.6 ವೋಲ್ಟಿನ ಲಿಥಿಯಮ್ ಸೆಲ್ ಹಾಕಿ. 40 ಮೈಕ್ರೋವ್ಯಾಟ್ ಎಂದರೆ ವರ್ಷಕ್ಕೆ 0.35 ವ್ಯಾಟ್-ಗಂಟೆ ಅಷ್ಟೇ, ಒಂದು ಸೆಲ್ ಹಲವು ವರ್ಷ ಬರುತ್ತದೆ. ನಮ್ಮ ಬೇಸಿಗೆಯ ಕಾವನ್ನೂ ತಡೆಯುತ್ತದೆ. ಒಂದು ಎಚ್ಚರಿಕೆ: ಮಾಹಿತಿ ಕಳಿಸುವ ಕ್ಷಣದಲ್ಲಿ ಕರೆಂಟಿನ ಎಳೆತ ಜಾಸ್ತಿ, ಆದ್ದರಿಂದ ಸೆಲ್ಲಿನ ಪಕ್ಕ ಅದಕ್ಕೆ ಹೊಂದುವ ಕೆಪಾಸಿಟರ್ ಜೋಡಿಸಲೇಬೇಕು. ಈ ಸೆಲ್ಲನ್ನು ರೀಚಾರ್ಜ್ ಮಾಡಲು ಹೋಗಬೇಡಿ, ಸಿಡಿಯಬಹುದು.

ನಿಮ್ಮ ಪೆಟ್ಟಿಗೆಯಲ್ಲಿ ಸಿಮ್ ಇದ್ದರೆ ಕರೆಂಟಿನ ಖರ್ಚು ಬಹಳ ಹೆಚ್ಚುತ್ತದೆ, ಈ ಲೆಕ್ಕ ನಡೆಯುವುದಿಲ್ಲ. ಮುಚ್ಚಳ ಬಿಚ್ಚಿ ಒಳಗಿನ ಬೋರ್ಡಿನ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ. ಯಾವ ಸೆಲ್, ಎಷ್ಟರ ಕೆಪಾಸಿಟರ್ ಎಂದು ನೋಡಿ ಹೇಳುತ್ತೇನೆ.