ಸಿನಿಮಾ ಕಂಡುಹಿಡಿದದ್ದು ಎಡಿಸನ್ನಾ, ಲೂಮಿಯೇರ್ ಸಹೋದರರಾ? ಯಾರ ಮಾತು ನಂಬೋದು?

ಮೊದಲು ‘ಕಂಡುಹಿಡಿದದ್ದು’ ಅಂದ್ರೆ ಏನು ಅಂತ ತೀರ್ಮಾನ ಮಾಡಿಕೊಳ್ಳಿ. ಎಡಿಸನ್ ಕಂಪನಿಯದು ಒಬ್ಬೊಬ್ಬರೇ ಇಣುಕಿ ನೋಡುವ ಪೆಟ್ಟಿಗೆ. ಅದರ ಕೆಲಸ ಜಾಸ್ತಿ ಮಾಡಿದ್ದು ಅವರ ನೌಕರ ಡಿಕ್ಸನ್. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ದುಡ್ಡು ತಗೊಂಡು ಪರದೆ ಮೇಲೆ ತೋರಿಸಿದರು. ಬರ್ಲಿನ್‌ನಲ್ಲಿ ಸ್ಕ್ಲಾಡನೋವ್ಸ್ಕಿ ಸಹೋದರರು ನವೆಂಬರ್‌ನಲ್ಲೇ ತೋರಿಸಿದ್ದರು!

ನನ್ನ ಓಟು ಫ್ರೆಂಚ್ ಸಂಶೋಧಕ ಲೂಯಿ ಲೆ ಪ್ರಿನ್ಸ್‌ಗೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1888ರಲ್ಲೇ ಒಂದೇ ಲೆನ್ಸಿನ ಕ್ಯಾಮೆರಾದಲ್ಲಿ, ಮನೆಯವರು ತೋಟದಲ್ಲಿ ಓಡಾಡುವುದನ್ನು ಹಿಡಿದರು. ಎರಡು ಸೆಕೆಂಡಿನಷ್ಟು ತುಣುಕು. ತಾರೀಖು ಹೇಗೆ ನಂಬೋದು? ಅದರಲ್ಲಿ ಅವರ ಅತ್ತೆ ಇದ್ದಾರೆ. ಆಕೆ ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್ 24ಕ್ಕೆ. ಅಂದ್ಮೇಲೆ ಚಿತ್ರ ಅದಕ್ಕೂ ಮೊದಲಿನದು, ಅಲ್ವಾ? ಹುಡುಕಬೇಕಾದ್ದು ಇಂಥ ಸಾಕ್ಷಿ.

1890ರಲ್ಲಿ ಫ್ರಾನ್ಸಿನ ಡಿಜಾನ್‌ನಿಂದ ರೈಲಿನಲ್ಲಿ ಹೊರಟ ಲೆ ಪ್ರಿನ್ಸ್ ನಾಪತ್ತೆಯಾದರು. ಎಡಿಸನ್ ಕೊಲ್ಲಿಸಿದರು ಅನ್ನೋದಕ್ಕೆ ಪುರಾವೆಯೇ ಇಲ್ಲ, ಸುಮ್ನೆ ಗಾಳಿಮಾತು. ಅದರ ಬದಲು ಪೇಟೆಂಟ್ ಅರ್ಜಿಗಳನ್ನು, 1898ರಲ್ಲಿ ಎಡಿಸನ್ ಮ್ಯೂಟೊಸ್ಕೋಪ್ ಎಂಬ ಎದುರಾಳಿ ಸಿನಿಮಾ ಕಂಪನಿಯ ಮೇಲೆ ಹೂಡಿದ ಮೊಕದ್ದಮೆಯ ದಾಖಲೆಗಳನ್ನು ಓದಿ. ಲೆ ಪ್ರಿನ್ಸ್ ಮಗ ಅಡಾಲ್ಫ್ ಅಲ್ಲಿ ಸಾಕ್ಷಿ ಹೇಳಿದ್ದರು. 1901ರಲ್ಲಿ ಎಡಿಸನ್ ಗೆದ್ದರು, 1902ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೇ ತಿರುಗಿಸಿತು.