ವಿಶ್ವಾಸಕ್ಕೆ ತರ್ಕದ ಸಮರ್ಥನೆ ಬೇಕೆ?

ಪ್ರಶ್ನೆ: ದೇವರ ಅಸ್ತಿತ್ವ ಕುರಿತು 1948ರಲ್ಲಿ ಬಿಬಿಸಿ ರೇಡಿಯೊದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಕೆಥೋಲಿಕ್ ಗುರು ಫ್ರೆಡರಿಕ್ ಕೊಪ್ಲ್‌ಸ್ಟನ್ ವಾದ ನಡೆಸಿದ್ದರೆಂದು ಓದಿದೆ. ಅದರಲ್ಲಿ ಗೆದ್ದವರು ಯಾರು? ವಿಶ್ವಾಸವಿದ್ದವರಿಗೆ ಪುರಾವೆಯ ಹಂಗೇಕೆ? ಪಾದ್ರಿಯೊಬ್ಬರು ವಾದಕ್ಕೆ ಇಳಿದರೆಂದರೆ ತಮ್ಮ ವಿಶ್ವಾಸವೊಂದೇ ಸಾಲದೆಂದು ಒಪ್ಪಿಕೊಂಡಂತೆ ಆಗಲಿಲ್ಲವೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ವಿಶ್ವಾಸವೆಂದರೆ ವಿಚಾರಕ್ಕೆ ಬಾಗಿಲು ಹಾಕುವುದು ಎಂಬ ಅಭಿಪ್ರಾಯ ಕೆಥೋಲಿಕ್ ಧರ್ಮಸಭೆಯದಲ್ಲ. ಸೃಷ್ಟಿಯನ್ನು ನೋಡಿ, ಮನುಷ್ಯ ತನ್ನ ಸಹಜ ಬುದ್ಧಿಯ ಬೆಳಕಿನಲ್ಲಿಯೇ ದೇವರಿದ್ದಾನೆಂದು ನಿಶ್ಚಯವಾಗಿ ತಿಳಿಯಬಲ್ಲನೆಂದು 1870ರಲ್ಲಿ ಧರ್ಮಾಧ್ಯಕ್ಷರ ಕೂಟವಾದ ಮೊದಲನೆಯ ವ್ಯಾಟಿಕನ್ ಮಹಾಸಭೆ ಘೋಷಿಸಿತು. ಆದರೆ ದೇವರು ಪ್ರಕಟಪಡಿಸಿದ ಸತ್ಯಗಳನ್ನು ಒಪ್ಪುವ ವಿಶ್ವಾಸವು ವರಪ್ರಸಾದದಿಂದ, ಅಂದರೆ ದೇವರ ಕೃಪೆಯಿಂದ ಬರುವಂಥದು, ತರ್ಕದ ಫಲವಲ್ಲ ಎಂದೂ ಅದೇ ಸಭೆ ಹೇಳಿತು. ಯೇಸುಸಭೆಯ (ಜೆಸ್ವಿಟ್) ಗುರುಗಳಾದ ಕೊಪ್ಲ್‌ಸ್ಟನ್ ಅಂದು ಸಮರ್ಥಿಸಿದ್ದು ಮೊದಲನೆಯ ಮಾತನ್ನು ಮಾತ್ರ. ಒಬ್ಬನೇ ದೇವರಲ್ಲಿ ಮೂವರು ಎಂಬ ತ್ರಿತ್ವವಾಗಲಿ, ರೊಟ್ಟಿ ದ್ರಾಕ್ಷಾರಸಗಳಲ್ಲಿ ಕ್ರಿಸ್ತನಿದ್ದಾನೆಂಬ ಪರಮಪ್ರಸಾದವಾಗಲಿ ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಹೀಗಾಗಿ ಅವರು ವಾದಕ್ಕೆ ಇಳಿದದ್ದು ವಿಶ್ವಾಸದ ಕೊರತೆಯಿಂದಲ್ಲ, ತಮ್ಮ ಸಭೆಯ ಬೋಧನೆಗೆ ಅನುಗುಣವಾಗಿಯೇ.

ಜನವರಿ 28ರಂದು ಪ್ರಸಾರವಾದ ಆ ವಾದದಲ್ಲಿ ರಸೆಲ್ ಅವರಿಗೆ 75 ವರ್ಷ, ಕೊಪ್ಲ್‌ಸ್ಟನ್ ಅವರಿಗೆ 40. ದೇವರಿಲ್ಲವೆಂದು ಸಾಧಿಸಬಲ್ಲಿರಾ ಎಂದು ಗುರುಗಳು ಆರಂಭದಲ್ಲೇ ಕೇಳಿದಾಗ, ಇಲ್ಲ, ತಮ್ಮದು ದೇವರಿದ್ದಾನೋ ಇಲ್ಲವೋ ತಿಳಿಯದೆನ್ನುವ ಅಜ್ಞೇಯತಾವಾದಿಯ ನಿಲುವು ಎಂದು ರಸೆಲ್ ಸ್ಪಷ್ಟಪಡಿಸಿದರು. ನಾಸ್ತಿಕತೆಯ ಪ್ರಚಾರಕ್ಕೆ ಈ ವಾದವನ್ನು ಬಳಸುವವರು ಈ ಮಾತನ್ನು ಮರೆತುಬಿಡುವುದುಂಟು.

ಕೊಪ್ಲ್‌ಸ್ಟನ್ ಅವರ ಮುಖ್ಯ ವಾದ ಹೀಗಿದೆ: ನಾನು ಇರುವುದಕ್ಕೆ ನನ್ನ ತಂದೆತಾಯಿ, ಗಾಳಿ, ಅನ್ನ ಕಾರಣ, ಜಗತ್ತಿನ ಪ್ರತಿಯೊಂದು ವಸ್ತುವೂ ಹೀಗೆಯೇ ತನ್ನ ಇರವಿಗೆ ಬೇರೊಂದನ್ನು ಅವಲಂಬಿಸಿದೆ, ಇಂಥವುಗಳನ್ನು ಎಷ್ಟು ಕೂಡಿಸಿದರೂ ಅವಲಂಬನೆ ನೀಗುವುದಿಲ್ಲವಾದ್ದರಿಂದ, ತನ್ನ ಇರವಿನ ವಿವರಣೆಯನ್ನು ತನ್ನೊಳಗೇ ಹೊಂದಿರುವಂಥ ಒಂದು ಇರಲೇಬೇಕು, ಅದೇ ದೇವರು. ಯಾವ ವಿವರಣೆಯನ್ನು ಸಾಕೆನ್ನುತ್ತೀರಿ ಎಂದು ರಸೆಲ್ ಕೇಳಿದರು. ಬೆಂಕಿಕಡ್ಡಿ ಹೇಗೆ ಹೊತ್ತಿಕೊಂಡಿತೆಂದರೆ, ಪೆಟ್ಟಿಗೆಗೆ ಗೀರಿದ್ದರಿಂದ ಎಂದರೆ ಸಾಲದೆ? ವ್ಯವಹಾರಕ್ಕೆ ಸಾಕು, ಆದರೆ ಅದು ಅರ್ಧ ವಿವರಣೆ. ಇನ್ನೇನನ್ನೂ ಸೇರಿಸಲಾಗದಂಥ ಪೂರ್ಣ ವಿವರಣೆಯನ್ನು ತಾವು ಅರಸುತ್ತಿರುವುದಾಗಿ ಗುರುಗಳು ಉತ್ತರಿಸಿದರು. ಅಂಥದು ಸಿಗುವಂಥದಲ್ಲ, ಅದನ್ನು ನಿರೀಕ್ಷಿಸಲೂಬಾರದು ಎಂದರು ರಸೆಲ್. ಪ್ರತಿ ಮನುಷ್ಯನಿಗೂ ತಾಯಿಯಿದ್ದ ಮಾತ್ರಕ್ಕೆ ಮನುಷ್ಯಕುಲಕ್ಕೇ ಒಬ್ಬ ತಾಯಿ ಇರಬೇಕಿಲ್ಲ. ಹಾಗೆಯೇ ವಿಶ್ವ ಸುಮ್ಮನೆ ಇದೆ, ಅಷ್ಟೆ ಎಂಬುದು ಅವರ ನಿಲುವು. ಚದುರಂಗದ ಮುಂದೆ ಕೂರಲೊಲ್ಲದವನನ್ನು ಸೋಲಿಸುವುದು ಸಾಧ್ಯವಿಲ್ಲ ಎಂದು ಗುರುಗಳು ಕೊಂಚ ಬೇಸರದಲ್ಲೇ ಹೇಳಿದಂತಿದೆ.

ಗೆಲುವಿನ ಪ್ರಶ್ನೆ ಇಲ್ಲಿಯೇ ತೊಡಕಾಗುತ್ತದೆ. ತಾಯಿಯ ಉದಾಹರಣೆ ಚುರುಕಾಗಿದೆ, ಆದರೆ ಪೂರ್ತಿ ಒಪ್ಪುವಂಥದಲ್ಲ. ಗುರುಗಳು ಹುಡುಕುತ್ತಿದ್ದದ್ದು ಸಾಲಿನ ಮೊದಲ ಕೊಂಡಿಯನ್ನಲ್ಲ, ಸಾಲು ಅನಂತವಾಗಿದ್ದರೂ ಅದು ಇರುವುದೇಕೆ ಎಂಬುದನ್ನು. ಅದೇ ವೇಳೆ, ಎಲ್ಲಕ್ಕೂ ಪೂರ್ಣ ವಿವರಣೆ ಇದ್ದೇ ಇರುತ್ತದೆ ಎಂಬ ಅವರ ಆಧಾರಸೂತ್ರವನ್ನು ಒಪ್ಪದವರ ಮೇಲೆ ಅದನ್ನು ಹೇರುವ ದಾರಿ ಅವರಿಗೂ ತೋರಲಿಲ್ಲ. ನನ್ನ ಮಟ್ಟಿಗೆ ಈ ಭಾಗದಲ್ಲಿ ಇಬ್ಬರೂ ಸೋತಿಲ್ಲ.

ದೇವರಿಲ್ಲದೆ ನೀತಿಗೆ ಆಧಾರವುಂಟೇ ಎಂಬ ವಿಚಾರದಲ್ಲಿ ರಸೆಲ್ ಅಷ್ಟು ಗಟ್ಟಿಯಾಗಿ ನಿಂತಿಲ್ಲ. ಒಳಿತು ಕೆಡುಕುಗಳನ್ನು ಯಾವ ಆಧಾರದಿಂದ ಬೇರ್ಪಡಿಸುತ್ತೀರಿ ಎಂದರೆ, ನೀಲಿ ಹಳದಿಗಳನ್ನು ಬೇರ್ಪಡಿಸುವಂತೆಯೇ ಎಂದರು. ಮುಂದೆ ಒತ್ತಿ ಕೇಳಿದಾಗ ಅದು ಭಾವನೆಯಿಂದ ಎಂದರು. ಬೆಲ್ಸನ್ ಯಾತನಾ ಶಿಬಿರದ ನಾಜಿ ಅಧಿಕಾರಿಯ ನಡತೆಯನ್ನು ಗುರುಗಳು ಮುಂದಿಟ್ಟಾಗ ಆ ಉತ್ತರ ತೆಳುವಾಗಿ ಕಂಡಿತು. ಧಾರ್ಮಿಕ ಅನುಭವ ದೇವರಿಗೆ ಸಾಕ್ಷಿಯೇ ಎಂಬ ವಿಚಾರದಲ್ಲಿ ಮಾತ್ರ ರಸೆಲ್ ಅವರ ಕೈ ಮೇಲಾಯಿತು. ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದ, ಸ್ಪಾರ್ಟಾದ ಶಾಸನಕರ್ತನೆನ್ನಲಾದ ಲೈಕರ್ಗಸ್‌ನ ಚರಿತ್ರೆ ಓದಿ ತರುಣನೊಬ್ಬ ಉದಾತ್ತನಾಗಬಹುದು, ಆದರೆ ಲೈಕರ್ಗಸ್ ಎಂಬವನು ಇದ್ದನೆಂಬುದು ಅದರಿಂದ ಸಿದ್ಧವಾಗದು ಎಂದು ಅವರು ತೋರಿಸಿದರು. ಕೊಪ್ಲ್‌ಸ್ಟನ್ ಕೂಡ ಅನುಭವವನ್ನು ಕಟ್ಟುನಿಟ್ಟಾದ ಪುರಾವೆಯೆಂದು ಮಂಡಿಸಿರಲಿಲ್ಲ.